ಮಳೆ ಪುಸ್ತಕದಿಂದ ಶುರುವಾದ ಸಂಜೆ ಗುಂಪು: ದೊಡ್ಡೋರು ಕಲಿಯೋಕೆ ಕೂತ್ರೆ ಮಕ್ಕಳು ಏನ್ ಮಾಡ್ತಾರೆ?

ಮಳೆಪುಸ್ತಕ (ಸಕಲೇಶಪುರ ತಾಲ್ಲೂಕು)

ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ನಮ್ದು ಆರು ಎಕರೆ ಕಾಫಿ, ಮರಕ್ಕೆ ಮೆಣಸು ಹಬ್ಬಿಸಿದೀವಿ. ಮಗಳಿಗೆ 12, ಮಗನಿಗೆ 9. ಮಾವನ ಕಾಲದಿಂದ ಮನೇಲಿ ಮಳೆ ಪುಸ್ತಕ ಇದೆ. ತೋಟದೋರಿಗೆ ಇದೇನು ಹೊಸದಲ್ಲ. ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡೋದು, "1 ಇಂಚು 20 ಸೆಂಟ್" ಅಂತ ಬರೆದಿಡೋದು, ಆಮೇಲೆ ಪಕ್ಕದ ತೋಟಕ್ಕೆ ಫೋನ್ ಹಚ್ಚಿ "ನಿಮ್ಗೆಷ್ಟು" ಅಂತ ಕೇಳಿ ಹೊಟ್ಟೆ ಉರ್ಕೊಳ್ಳೋದು. ಗೊತ್ತಿಲ್ಲದೋರಿಗೆ: 100 ಸೆಂಟಿಗೆ ಒಂದು ಇಂಚು.

ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ದ ಮಾರನೇ ದಿನ ಮಗ ಆ ಪುಸ್ತಕ ಬಿಡಿಸಿಕೊಂಡು ಕೂತಿದ್ದ. "ಅಮ್ಮ, ಹಾಲು ಲೀಟರು, ಡೀಸೆಲ್ಲು ಲೀಟರು, ನೀರಿನ ಕ್ಯಾನೂ ಲೀಟರು. ಮಳೆ ಮಾತ್ರ ಯಾಕೆ ಇಂಚು? ಮಳೆಗೇನು ಉದ್ದ ಇರುತ್ತಾ?" ಅಂದ. ನಾನು ಬಿ.ಎಸ್ಸಿ. ಮಾಡಿದೋಳು. ಹದಿನೈದು ವರ್ಷದಿಂದ ನಾನೇ ಆ ಇಂಚು ಬರೀತಾ ಇದೀನಿ. ಬಾಯಿ ಕಟ್ಟಿಹೋಯ್ತು.

ಕಣದಲ್ಲಿ ಮೆಣಸು ಹರಡ್ತಾ ಇದ್ದ ಕೆಲಸದ ಅಕ್ಕ ತಲೆ ಎತ್ತದೇನೇ ಹೇಳಿದ್ರು: "ಗದ್ದೇಲಿ ನೀರು ಎಷ್ಟು ನಿಂತೈತೆ ಅಂದ್ರೆ ಕೊಡದ ಲೆಕ್ಕ ಹೇಳ್ತೀವಾ? ಗೇಣುದ್ದ, ಮೊಣಕಾಲುದ್ದ ಅಂತೀವಿ. ಮಳೇನೂ ಹಂಗೇ ಕಣಪ್ಪ, ಭೂಮಿ ಮೇಲೆ ಎಷ್ಟು ನಿಲ್ತಿತ್ತು ಅಂತ."

ಆ ಅಕ್ಕನಿಗೆ ಸಹಿ ಹಾಕೋಕೆ ಬರಲ್ಲ. ಬಟವಾಡೆ ದಿನ ಹೆಬ್ಬೆಟ್ಟು. ನನ್ನ ಮಗ ಅವತ್ತು ಅವರನ್ನ ನೋಡಿದ ರೀತಿ ನಂಗಿನ್ನೂ ಕಣ್ಣಲ್ಲಿದೆ.

ಅಲ್ಲಿಂದ ಶುರು. ವಾರಕ್ಕೊಂದು ಸಂಜೆ ದೊಡ್ಡೋರು ಕೂರೋಣ ಅಂತ ಹೊರಟ್ವಿ. ಮೊದಲನೇ ಸಲ ಪೂರ್ತಿ ಮಣ್ಣು ಮುಕ್ಕಿದ್ವಿ. ನಮ್ಮನೆ ಜಗುಲಿ ಮೇಲೆ ಮಾಡಿದ್ದು, ಕರಿಹಲಗೆ ತಂದಿದ್ದು, ನಾನು ಟೀಚರ್ ಥರ ನಿಂತಿದ್ದು, ಹಾಜರಿ ಬೇರೆ ಕರೆದೆ ನೋಡಿ. ಮೊದಲ ವಾರ 22 ಜನ, ಮೂರನೇ ವಾರ 5. ಅದರಲ್ಲೂ ಲೈನ್‌ಮನೆಯೋರು (ತೋಟದ ಸಾಲುಮನೆಗಳಲ್ಲಿರೋ ಕೆಲಸದೋರು) ಕೂರ್ತಾನೇ ಇರ್ಲಿಲ್ಲ, ಕಂಬ ಹಿಡ್ಕೊಂಡು ನಿಂತೇ ಇರೋರು. ನಾಚಿಕೆ ಅಂದ್ಕೊಂಡೆ. ಇನ್ನೊಂದು ಎಡವಟ್ಟು: ಒಬ್ಬ ಅಜ್ಜಿ ಕಷ್ಟಪಟ್ಟು "ಕಾಫಿ" ಅಂತ ಬರೆದ್ರು, ದೀರ್ಘ ಬಿಟ್ಟು "ಕಫಿ" ಆಗಿತ್ತು. ಅವರ ಮೊಮ್ಮಗಳೇ ಎಲ್ಲರೆದುರು "ಅಜ್ಜೀ ತಪ್ಪು" ಅಂತ ಕೈ ತಟ್ಟಿ ನಕ್ತು. ಅಜ್ಜಿ ಸ್ಲೇಟು ಅಲ್ಲೇ ಇಟ್ಟು ಸೆರಗು ಕೊಡವಿಕೊಂಡು ಎದ್ದೋರು ಒಂದು ತಿಂಗಳು ಇತ್ತ ಕಡೆ ಬರ್ಲಿಲ್ಲ.

ಈಗ ಶಾಲೆ ಜಗುಲೀಲಿ, ಭಾನುವಾರ ನಾಲ್ಕು ಗಂಟೆಗೆ ಸೇರ್ತೀವಿ. ಪಾಠ ಇಲ್ಲ. ಯಾರಾದ್ರೂ ಒಂದು ಪ್ರಶ್ನೆ ತರ್ಬೇಕು, ದೊಡ್ಡೋರು ತರ್ಬೇಕು. ಮಕ್ಕಳು ಹಿಂದೆ ಕೂತು ಕೇಳ್ಬಹುದು, ಕೇಳಿದ್ರೆ ಮಾತ್ರ ಉತ್ತರ ಹೇಳ್ಬಹುದು. ಮಳೆ ಪುಸ್ತಕದ ಅಂಕಿ ಓದ್ತಾ ಓದ್ತಾ ಆರು ಜನ ಹೆಂಗಸರು ಅಂಕಿ ಕಲಿತ್ರು. ಲೆಕ್ಕಾನೂ ಮಾಡ್ತೀವಿ. 1 ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರಿಗೆ ಸರಿಯಾಗಿ 1 ಲೀಟರ್. ಒಂದಿಂಚು ಅಂದ್ರೆ 25.4 ಮಿಲಿಮೀಟರ್. ಒಂದು ಗುಂಟೆ ಅಂದ್ರೆ 101 ಚದರ ಮೀಟರ್ ಚಿಲ್ಲರೆ. ಅಲ್ಲಿಗೆ ಒಂದಿಂಚು ಮಳೆಗೆ ಗುಂಟೆಗೆ 2,570 ಲೀಟರ್ ಹತ್ತಿರ, ಎಕರೆಗೆ 10 ಸಾವಿರ ದಾಟುತ್ತೆ. ಇದನ್ನ ಹಲಗೆ ಮೇಲೆ ಬರೆದಾಗ ಗಂಡಸರೂ ಬಂದು ಇಣುಕಿದ್ರು.

ನಿಮ್ಮೂರುಗಳಲ್ಲಿ ಯಾರಾದ್ರೂ ಇಂಥದ್ದು ಮಾಡಿದೀರಾ? ಮಕ್ಕಳ ಮೇಲೆ ಏನಾಯ್ತು? ಬರೀ ಹೊಗಳಿಕೆ ಬೇಡ.

ಆಲೂರಪ್ಪ

ಹೊಗಳಿಕೆ ಬೇಡ ಅಂದ್ರಲ್ಲ, ಹೇಳ್ತೀನಿ. ನನ್ನ ಮಗ ಒಂಬತ್ತನೇ ಕ್ಲಾಸು. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು, ನಮ್ಮೂರಲ್ಲಿ ಪಟಾಕಿ ಹೊಡೆದ್ರು. ಆವಾಗ ಯಾರೂ ಮಕ್ಕಳಿಗೆ ಕುತೂಹಲ ಎಷ್ಟಿದೆ ಅಂತ ಕೇಳ್ಲಿಲ್ಲ. ಓದಿದ್ರು, ಉರು ಹೊಡೆದ್ರು, ಪಾಸಾದ್ರು, ಬೆಂಗಳೂರಿಗೆ ಹೋದ್ರು. ಕಾಫಿ ರೇಟು ಒಂದು ವರ್ಷ ಏರುತ್ತೆ, ನಾಲ್ಕು ವರ್ಷ ಇಳಿಯುತ್ತೆ. ಮಗನಿಗೆ ಮಾರ್ಕ್ಸ್ ಬೇಕು ಸ್ವಾಮಿ. ಮಳೆ ಯಾಕೆ ಇಂಚು ಅನ್ನೋದು ಪೇಪರ್‌ನಲ್ಲಿ ಬರಲ್ಲ.

ಮಳೆಪುಸ್ತಕ

ಬರುತ್ತೆ ಸಾರ್. ಘನಫಲ ಅಂತ ಬರುತ್ತೆ. 🙂 ಆದ್ರೆ ನಿಮ್ಮ ಮಾತು ತಳ್ಳಿಹಾಕಲ್ಲ. ನನ್ನ ಮಗಳಿಗೂ ಟ್ಯೂಷನ್ ಇದೆ.

ನಿವೃತ್ತ ಮೇಷ್ಟ್ರು, ಬೇಲೂರು

ಆಲೂರಿನವರ ಆತಂಕ ನ್ಯಾಯವಾದದ್ದೇ. 34 ವರ್ಷ ಪಾಠ ಮಾಡಿದವನು ನಾನು. ಮಾರ್ಕ್ಸಿಗಾಗಿಯೇ ಪಾಠ ಮಾಡಿದೆ, ಸುಳ್ಳು ಹೇಳುವುದಿಲ್ಲ.

ಲಂಡನ್ನಿನಲ್ಲಿ ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ ಎಂಬ ಇಬ್ಬರು ಸುಮಾರು ನಾಲ್ಕು ವರ್ಷದ 30 ಹೆಣ್ಣುಮಕ್ಕಳ ಮಾತನ್ನು ಮನೆಯಲ್ಲಿ ಮತ್ತು ಶಿಶುವಿಹಾರದಲ್ಲಿ ಧ್ವನಿಮುದ್ರಿಸಿಕೊಂಡರು. 1984ರಲ್ಲಿ ಅದು ಪ್ರಕಟವಾಯಿತು. ಮನೆಯಲ್ಲಿ ಮಗು ಗಂಟೆಗೆ ಸರಾಸರಿ 26 ಪ್ರಶ್ನೆ ಕೇಳುತ್ತಿತ್ತು. ಶಿಶುವಿಹಾರದಲ್ಲಿ 2. ಅದೇ ಮಗು, ಅದೇ ಬಾಯಿ. ಇದರಲ್ಲಿ ನನಗೆ ಹೆಚ್ಚು ನಾಟಿದ್ದು ಇನ್ನೊಂದು ಮಾತು. ಕೂಲಿಕಾರರ ಮನೆಗಳಲ್ಲೂ ಅಮ್ಮ-ಮಗಳ ಮಾತು ಅಷ್ಟೇ ಸಮೃದ್ಧವಾಗಿತ್ತು. ಪಾತ್ರೆ ತೊಳೆಯುತ್ತಾ, ಕಿಟಕಿ ಒರೆಸಲು ಬಂದವನಿಗೆ ದುಡ್ಡು ಯಾಕೆ ಕೊಡಬೇಕು ಎಂಬಂಥ ಮಾತಾಡುತ್ತಾ, ಮಕ್ಕಳು ತಲೆ ಓಡಿಸುತ್ತಿದ್ದರು. ಓದಿದವರ ಮನೆಯಲ್ಲಿ ಮಾತ್ರ ಬುದ್ಧಿ ಬೆಳೆಯುತ್ತದೆ ಎಂದು ನಂಬಿಕೊಂಡೇ ನಾನು ಸ್ಟಾಫ್‌ರೂಮಿನಲ್ಲಿ ಮೂರು ದಶಕ ಕಳೆದಿದ್ದೆ.

ವಯಸ್ಕರು ಪರೀಕ್ಷೆ ಇಲ್ಲದೆ ಕೂತು ಕಲಿಯುವುದೂ ನಮಗೆ ಹೊಸದೇನಲ್ಲ. ಡೆನ್ಮಾರ್ಕಿನಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿಯ ವಿಚಾರದಿಂದ 1844ರಲ್ಲಿ ಮೊದಲ ಜನಪದ ಪ್ರೌಢಶಾಲೆ ಶುರುವಾಯಿತು. ರೈತರ ಮಕ್ಕಳು ಚಳಿಗಾಲದಲ್ಲಿ ಬಂದು ಉಳಿದು ಚರಿತ್ರೆ, ಹಾಡು, ಬೇಸಾಯ ಮಾತಾಡಿಕೊಂಡು ಹೋಗುತ್ತಿದ್ದರು. ಮಾರ್ಕ್ಸ್ ಕಾರ್ಡ್ ಇರಲಿಲ್ಲ. ಹಳೇ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಅದನ್ನೇ ನೋಡಿ ನಮ್ಮ ಕಡೆ ವಿದ್ಯಾಪೀಠಗಳನ್ನು ತೆರೆಯಿತು.

ಹಲ್ಮಿಡಿಯಲ್ಲಿ ನನಗಾದ ಒಂದು ಅವಮಾನ ಇದೆ, ಸಂಜೆ ಬರೆಯುತ್ತೇನೆ. ಈಗ ಔಷಧಿಯ ಹೊತ್ತು.

ಅಂಗಳದೋನು (ಅರಕಲಗೂಡು)

ಮಳೆಪುಸ್ತಕ ಮೇಡಂ, ಲೈನ್‌ಮನೆಯೋರು ನಿಮ್ಮ ಜಗುಲಿ ಮೇಲೆ ಕೂರದೆ ನಿಂತಿದ್ದು ನಾಚಿಕೆಗಲ್ಲ. ನಿಮಗೆ ಗೊತ್ತಾಗಲಿಲ್ಲ ಅನ್ನೋದೇ ಆಶ್ಚರ್ಯ.

ನಮ್ಮಜ್ಜ ಸಾಯೋವರೆಗೂ ಭಾರತದ ಪದ್ಯ ಹೇಳೋರು, ಸಾಲು ಸಾಲು. ಎಲ್ಲಿ ಕಲಿತ್ರಿ ಅಂದ್ರೆ "ಗೌಡ್ರ ಜಗುಲೀಲಿ ಓದೋರು" ಅನ್ನೋರು. ನಾನು ಸಣ್ಣೋನಿದ್ದಾಗ ಅಜ್ಜನೂ ಜಗುಲೀಲಿ ಕೂತು ಕೇಳ್ತಿದ್ರು ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅಂಗಳದ ಆಚೆ ಹುಣಸೆ ಮರದ ಕೆಳಗೆ ನಿಂತು ಕೇಳಿದ್ದು. ಮಳೆ ಬಂದ್ರೂ ಅಲ್ಲೇ.

ಶಾಲೆಗೆ ಜಾಗ ಬದಲಾಯಿಸಿದ್ರಲ್ಲ, ಒಳ್ಳೇದಾಯ್ತು. ಟೀ ಯಾರ ಮನೆಯಿಂದ ಬರುತ್ತೆ ಅಂತಾನೂ ನೋಡಿ. ಮಕ್ಕಳು ಅದನ್ನೆಲ್ಲ ಮೊದಲು ಕಲೀತಾರೆ.

ಮಳೆಪುಸ್ತಕ

ಟೀ ನಮ್ಮನೆಯಿಂದಾನೇ ಬರ್ತಿತ್ತು. ಮನೆಯೋರಿಗೆ ಒಂದು ಲೋಟ, ಉಳಿದೋರಿಗೆ ಪೇಪರ್ ಕಪ್ಪು. ತೊಳೆಯೋಕೆ ಸುಲಭ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ಬರೆಯೋಕೆ ಕಷ್ಟ ಆಗ್ತಿದೆ. ಈ ಭಾನುವಾರದಿಂದ ಶಾಲೆಯಲ್ಲೇ ಕಾಯಿಸ್ತೀವಿ, ಎಲ್ಲರಿಗೂ ಒಂದೇ ಥರ ಲೋಟ.

ಕಡೂರು ಪ್ಯಾಸೆಂಜರ್

ಮೇಲಿನವರು ಹೇಳಿದ್ದಕ್ಕೆ ಸೇರಿಸಿ: ನಮ್ಮ ದೇವನೂರು ಲಕ್ಷ್ಮೀಶನ ಊರು. ಅವನ ಜೈಮಿನಿ ಭಾರತವನ್ನ ಓದೋಕೆ ಬರದ ನಮ್ಮ ಮುತ್ತಜ್ಜಿ ಬಾಯಿಪಾಠ ಹೇಳ್ತಿದ್ರಂತೆ. ಒಬ್ಬರು ರಾಗವಾಗಿ ಓದೋದು, ಇನ್ನೊಬ್ಬರು ಅರ್ಥ ಬಿಡಿಸೋದು, ಮಧ್ಯೆ ಯಾರಾದ್ರೂ "ನಿಲ್ಸಿ, ಅದ್ಯಾಕೆ ಹಂಗೆ" ಅಂತ ಕೇಳೋದು. ಚಿಕ್ಕ ಮಕ್ಕಳು ತೊಡೆ ಮೇಲೆ ಅರೆನಿದ್ದೆ. ಅಕ್ಷರ ಬರಲ್ಲ ಅಂದ್ರೆ ಏನೂ ಗೊತ್ತಿಲ್ಲ ಅನ್ನೋ ಲೆಕ್ಕ ಯಾವಾಗಿಂದ ಶುರುವಾಯ್ತೋ. ಹುಣಸೆ ಮರದ ಮಾತು ಓದಿದ ಮೇಲೆ ಮುತ್ತಜ್ಜಿ ಕಥೆ ಹೇಳ್ಕೊಂಡು ಬೀಗೋಕೆ ಮನಸ್ಸು ಬರ್ತಿಲ್ಲ.

ಅರಿವು ಕೇಂದ್ರದ ಮೇಲ್ವಿಚಾರಕಿ

ನಾನು ಪಂಚಾಯಿತಿ ಲೈಬ್ರರಿ ನೋಡ್ಕೊಳ್ಳೋದು. ಊರಿನ ಹೆಸರು ಬೇಡ.

2019ರಲ್ಲಿ ಹಳ್ಳಿ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಬಂದ್ವು. ಮಾರನೇ ವರ್ಷ ನವೆಂಬರ್ 14ಕ್ಕೆ 'ಓದುವ ಬೆಳಕು' ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಆಯ್ತು. ಮಕ್ಕಳು ಬಂದ್ರು, ತುಂಬಾ ಬಂದ್ರು. ಆದ್ರೆ ಅಪ್ಪ-ಅಮ್ಮ ಬಾಗಿಲವರೆಗೆ ಬಂದು ಚಪ್ಪಲಿ ಬಿಡದೆ ವಾಪಸ್. "ನಮಗ್ಯಾಕಮ್ಮ ಈ ವಯಸ್ಸಲ್ಲಿ" ಅಂತ. ಮಕ್ಕಳೂ ಅಷ್ಟೇ ನೋಡಿ, ಹನ್ನೆರಡು ದಾಟಿದ ತಕ್ಷಣ ಗಂಡು ಹುಡುಗರು ಮಾಯ. ಮನೇಲಿ ಯಾವ ಗಂಡಸೂ ಪುಸ್ತಕ ಹಿಡಿದಿದ್ದು ಕಂಡಿಲ್ಲ, ಹಂಗಾಗಿ ಓದೋದು ಚಿಕ್ಕೋರ ಕೆಲಸ, ದೊಡ್ಡೋರಾದ ಮೇಲೆ ಬಿಡೋದು ಅಂತ ಅವರ ಲೆಕ್ಕ.

ಕಥೆ ಪುಸ್ತಕ ಕೊಟ್ಟು ದೊಡ್ಡೋರನ್ನ ಕರೆದೆ, ಬರ್ಲಿಲ್ಲ. ಆಮೇಲೆ ಪಹಣಿ ಓದೋಣ ಬನ್ನಿ ಅಂದೆ. ಕುರ್ಚಿ ಸಾಲಲಿಲ್ಲ!

ಎಲ್ಲರೂ ಅವರವರ ಪಹಣಿ ಪ್ರಿಂಟು ತಂದ್ರು. ಸರ್ವೆ ನಂಬರ್, ಖರಾಬು, ಎಷ್ಟು ಗುಂಟೆ, 9ನೇ ಕಾಲಂನಲ್ಲಿ ಯಾರ ಹೆಸರು, 11ರಲ್ಲಿ ಯಾವ ಬ್ಯಾಂಕಿನ ಸಾಲ. ಅರವತ್ತು ದಾಟಿದೋರು ಒಬ್ಬರು ಬೆರಳಿಟ್ಟು ಅಕ್ಷರ ಕೂಡಿಸಿ ಕೂಡಿಸಿ ಅವರಪ್ಪನ ಹೆಸರು ಓದಿದ್ರು. ಜೀವಮಾನದಲ್ಲಿ ಮೊದಲ ಸಲ ಸ್ವಂತ ಓದಿದ್ದು. ಬೆವರು ಒರೆಸ್ಕೊಂಡು "ಸರ್ಯಾಗೈತಾ" ಅಂತ ನನ್ನನ್ನ ಕೇಳ್ಲಿಲ್ಲ, ಪಕ್ಕ ಕೂತಿದ್ದ ಮೊಮ್ಮಗನನ್ನ ಕೇಳಿದ್ರು. ಅವನು ಕಾಗದ ಇಸ್ಕೊಂಡು ಮೇಲಿಂದ ಕೆಳಗೆ ಪೂರ್ತಿ ನೋಡಿ ಕೇಳಿದ: "ಒಂಬತ್ತನೇ ಕಾಲಮ್ಮಲ್ಲಿ ಅಜ್ಜಿ ಹೆಸರು ಯಾಕಿಲ್ಲ? ಗದ್ದೆ ಕೆಲಸ ಎಲ್ಲಾ ಅಜ್ಜೀನೇ ಮಾಡೋದು."

ಲೈಬ್ರರೀಲಿ ಫ್ಯಾನ್ ಸದ್ದು ಬಿಟ್ರೆ ಏನಿಲ್ಲ ಅವತ್ತು.

ಆಲೂರಪ್ಪ

ಪಹಣಿ ಸಂಜೆಗೆ ನಾನೂ ಬರ್ತೀನಿ. ಅದು ಉಪಯೋಗದ ಕೆಲಸ. ನಮ್ಮ ಖಾತೆ ಪೋಡಿ ಆಗದೆ, ಅಂದ್ರೆ ಅಳತೆ ಮಾಡಿ ಪಾಲು ಬೇರೆ ಆಗದೆ, ಹನ್ನೊಂದು ವರ್ಷ.

ಡ್ರೈವರಣ್ಣ, ಹಾಸನ

ನಾನು ಏಳನೇ ಕ್ಲಾಸ್ ಫೇಲು. ಶಾಲೆ ಮಕ್ಕಳ ವ್ಯಾನ್ ಓಡಿಸ್ತೀನಿ, ತಪ್ಪಿದ್ರೆ ಕ್ಷಮಿಸಿ.

ನನ್ ಮಗಳು ಮುಂದಿನ ಸೀಟಲ್ಲಿ ಕೂರ್ತಾಳೆ. ಒಂದಿನ ಬಿ.ಎಂ. ರಸ್ತೇಲಿ ಟ್ರಾಫಿಕ್ಕಲ್ಲಿ ನಿಂತಾಗ "ಅಪ್ಪಾಜಿ, ಎಲ್ಲಾ ಮನೆ ಮೇಲೂ ಡಿಶ್ಶು ಒಂದೇ ಕಡೆ ಮುಖ ಮಾಡ್ಕೊಂಡು ಕೂತವೆ, ಅಲ್ಲೇನೈತೆ?" ಅಂತು. ದಿನಾ ಓಡಾಡೋ ರೋಡು. ನಾನು ಒಂದಿನಾನೂ ನೋಡಿರ್ಲಿಲ್ಲ. ಎಲ್ಲಾವು ಅಗ್ನಿಮೂಲೆ ಕಡೆ ತಲೆ ಎತ್ಕೊಂಡಿದ್ವು.

ಮುಂಚೆ ಆಗಿದ್ರೆ "ಸುಮ್ನೆ ಕೂತ್ಕೊ" ಅಂತಿದ್ದೆ. ಅವತ್ತು "ನಂಗೂ ಗೊತ್ತಿಲ್ಲ ಕಣೆ, ಕೇಳಾನ" ಅಂದೆ. ಡಿಶ್ ಕೂರ್ಸೋ ಹುಡ್ಗನ್ನ ಹಿಡ್ಕೊಂಡ್ವಿ. ಅವನು ಹೇಳ್ದ, ಮೇಲೆ 36 ಸಾವಿರ ಕಿಲೋಮೀಟ್ರು ದೂರದಲ್ಲಿ ಉಪಗ್ರಹ ಐತೆ, ಭೂಮಿ ತಿರುಗೋ ಸ್ಪೀಡಿಗೇ ಅದೂ ತಿರುಗುತ್ತೆ, ಅದಕ್ಕೆ ನಮ್ಗೆ ನಿಂತಂಗೆ ಕಾಣುತ್ತೆ. ಅದು ನಿಲ್ಲೋದು ಭೂಮಧ್ಯರೇಖೆ ಮೇಲೆ, ನಾವು ಅದಕ್ಕಿಂತ ಬಡಗಲಿಗೆ ಇರೋದು, ಅದಕ್ಕೆ ಎಲ್ಲಾ ತೆಂಕಲ ಕಡೆ ವಾಲ್ಕೊಂಡು ನೋಡ್ತವೆ. ಉಪಗ್ರಹ ನಮಗಿಂತ ಮೂಡ್ಲಾಗಿದ್ರೆ ಅಗ್ನಿಮೂಲೆ. ಮಗಳು ಕೇಳ್ತು, "ಅದು ಜಾರ್ಕೊಂಡು ಹೋದ್ರೆ?" ಹುಡ್ಗ ನಗ್ತಾ ಅಂದ, "ಜಾರದಂಗೆ ನೋಡ್ಕೊಳ್ಳೋರು ನಿಮ್ಮೂರಲ್ಲೇ ಅವ್ರಲ್ಲಮ್ಮ."

ಇಸ್ರೋದ ಎಂಸಿಎಫ್ ಕಣ್ರೀ, ಉಪಗ್ರಹ ನೋಡ್ಕೊಳ್ಳೋ ಕೇಂದ್ರ. 1982ರಿಂದ ನಮ್ ಹಾಸನದಲ್ಲೈತೆ. ನಾನು ಅದರ ಗೇಟ್ ಮುಂದೆ ಎಷ್ಟು ಸಲ ಸ್ಟಾಫ್ ಇಳಿಸಿದೀನೋ. ಒಳಗೇನ್ ಮಾಡ್ತಾರೆ ಅಂತ ಒಂದ್ಸಲಾನೂ ಕೇಳಿಲ್ಲ, ಕೇಳ್ಬೋದು ಅಂತಾನೂ ಹೊಳೀಲಿಲ್ಲ.

ಈಗ ನಾವಿಬ್ರು ವ್ಯಾನಲ್ಲಿ ಒಂದು ನೋಟ್‌ಬುಕ್ ಇಟ್ಟಿದೀವಿ. ಉತ್ತರ ಸಿಗದೇ ಇರೋ ಪ್ರಶ್ನೆ ಮಾತ್ರ ಬರೆಯೋದು. ಅವಳು ಬರೀತಾಳೆ. ಈಚೆಗೆ ನಾನೂ ಬರೀತೀನಿ, ಒತ್ತಕ್ಷರ ಅವಳನ್ನೇ ಕೇಳಿ.

ತೋಟದ ರೈಟ್ರು, ಮೂಡಿಗೆರೆ

ನಮ್ಮ ತಾಲ್ಲೂಕಲ್ಲಿ ಒಂದು ಚಾಳಿ ಇದೆ. ಮಕ್ಕಳ ಕುತೂಹಲ ಅಂದ ತಕ್ಷಣ ತೇಜಸ್ವಿ ಹೆಸರು ಹೇಳಿ ಕೈ ತೊಳ್ಕೊಳ್ಳೋದು. ಅವರು ಇಲ್ಲೇ ತೋಟ ಮಾಡಿದ್ರು, ಗಾಳ ಹಾಕಿದ್ರು, ಹಕ್ಕಿ ಫೋಟೋ ತೆಗೆದ್ರು, 2007ರಲ್ಲಿ ತೀರ್ಕೊಂಡ್ರು. ಈಗ ಅವರ ಪುಸ್ತಕ ಎಲ್ಲರ ಶೋಕೇಸಲ್ಲೂ ಇದೆ, ಮಕ್ಕಳು ಅಬ್ಯಾಕಸ್ ಕ್ಲಾಸಲ್ಲಿವೆ. ಕೊಟ್ಟಿಗೆಹಾರದ ಪ್ರತಿಷ್ಠಾನಕ್ಕೆ ಒಂದು ಸಲ ಮಕ್ಕಳನ್ನ ಕರ್ಕೊಂಡು ಹೋಗಿ ಅಂದ್ರೆ ಭಾನುವಾರ ಟೆಸ್ಟ್ ಇದೆ ಅಂತಾರೆ.

ಸರಿ, ಮೂಲ ವಿಷಯ. ನಮ್ಮ ಲೈನಲ್ಲಿ ಈಗ ಅರ್ಧಕ್ಕರ್ಧ ಅಸ್ಸಾಮಿನೋರು. ಅವರ ಮಕ್ಕಳು ಕನ್ನಡ ಶಾಲೆಗೆ ಹೋಗ್ತವೆ, ಅಪ್ಪ-ಅಮ್ಮಂಗೆ ಕನ್ನಡ ಇಲ್ಲ. ಕನ್ನಡ ಕಲಿಸೋಣ ಅಂತ ರಾತ್ರಿ ಊಟ ಆದ್ಮೇಲೆ ಅರ್ಧ ಗಂಟೆ ಶುರು ಮಾಡಿದೆ. ಮಂಕಾಗಿ ಕೂತಿರೋರು. ಒಂದಿನ ನಮ್ಮ ಕನ್ನಡದ ಮಕ್ಕಳು ಸುತ್ತ ಕೂತಿದ್ದಾಗ ಒಬ್ಬಳು ತಾಯಿಗೆ "ನೀವೇ ಎಣಿಸಿ ತೋರ್ಸಿ, ನಿಮ್ಮ ಭಾಷೇಲಿ" ಅಂದೆ. ಆಕೆ ಬೆರಳು ಮಡಚಿಕೊಂಡು "ಎಕ್, ದುಇ, ತಿನಿ, ಸಾರಿ, ಪಾಸ್" ಅಂದ್ಲು. ಮಕ್ಕಳು ಬಿದ್ದು ಬಿದ್ದು ನಕ್ಕವು. "ಸಾರಿ ಕೇಳಿದ ತಕ್ಷಣ ಪಾಸ್!" ಆಕೆಗೆ ಅರ್ಥ ಆಗ್ಲಿಲ್ಲ, ಮಗ ತಿಳಿಸಿ ಹೇಳ್ದ, ಆಮೇಲೆ ಆಕೆ ನಕ್ಕಿದ್ದು ನೋಡ್ಬೇಕು ನೀವು. ಅವತ್ತಿಂದ ಆಕೆ ನಮಗೆ ಹತ್ತರವರೆಗೆ ಕಲಿಸಿದ್ಲು, ನಾವು ಆಕೆಗೆ. ಒಬ್ಬ ಹುಡುಗ "ತಿನಿಗೂ ಹಿಂದಿ ತೀನ್‌ಗೂ ಇಂಗ್ಲಿಷ್ ತ್ರೀಗೂ ಯಾಕೆ ಹೋಲಿಕೆ, ನಮ್ಮ ಮೂರು ಮಾತ್ರ ಯಾಕೆ ಬೇರೆ?" ಅಂದ. ಭಾಷಾ ಕುಟುಂಬ ಅಂತೆಲ್ಲ ನನಗೆ ಅರೆಬರೆ ಗೊತ್ತು. ಆ ವಾರ ಪೂರ್ತಿ ಓದಿದೆ. ಪಿಯುಸಿ ಆದ ಮೇಲೆ ನಾನು ಸ್ವಂತಕ್ಕೆ ಓದಿದ್ದು ಅದೇ ಮೊದಲು, ಇಪ್ಪತ್ತೆರಡು ವರ್ಷಕ್ಕೆ.

ಹೇಮಾವತಿ ದಡದೋಳು

ಎಲ್ಲರೂ ಚೆನ್ನಾಗಿ ಬರೆದಿದೀರ. ಒಂದು ಮಾತು: ಸಂಜೆ ಆರೂವರೆಗೆ ಗುಂಪು ಅಂತ ಇಟ್ಟು "ಹೆಂಗಸರು ಬರಲ್ಲ" ಅನ್ನೋರು ಆ ಹೊತ್ತಿಗೆ ಒಲೆ ಮುಂದೆ ಯಾರಿರ್ತಾರೆ ಅಂತ ನೋಡಿ. ನಮ್ಮೂರಲ್ಲಿ ಸ್ವಸಹಾಯ ಸಂಘದ ಮೀಟಿಂಗ್ ದಿನಾನೇ ಅರ್ಧ ಗಂಟೆ ಹೆಚ್ಚಿಗೆ ಕೂರ್ತೀವಿ, ಹೇಗೂ ಮನೆಯಿಂದ ಹೊರಟಿರ್ತೀವಲ್ಲ. ಬಡ್ಡಿ ಲೆಕ್ಕದಿಂದ ಶುರು ಮಾಡಿ. ಫ್ಲಾಟ್ ಬಡ್ಡಿಗೂ ಇಳಿಕೆ ಬಡ್ಡಿಗೂ ವ್ಯತ್ಯಾಸ ಬಿಡಿಸಿ ಹೇಳಿದ ದಿನ ನಮ್ಮ ಅತ್ತೆ ಮನೆಗೆ ಬಂದು ಮೂರು ಸಲ ಲೆಕ್ಕ ಹಾಕಿದ್ರು, ಆಮೇಲೆ ಸಾಲ ಕೊಟ್ಟೋರಿಗೆ ಫೋನ್ ಮಾಡಿ ಜಗಳ.

ಆನೆ ಇರೋ ಕಡೆ ಸಂಜೆ ಇಡ್ಲೇಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟೂ ನಂಬಬೇಡಿ.

ಬೇಲೂರು ಗೈಡ್

ಮಕ್ಕಳು ದೊಡ್ಡೋರನ್ನ ನೋಡಿ ಕಲೀತಾರೆ ಅನ್ನೋದಕ್ಕೆ ನಮ್ಮ ಗುಡಿಯಲ್ಲೇ ಸಾಕ್ಷಿ ಇದೆ. 1117ರ ಚನ್ನಕೇಶವ ಗುಡಿ. ಮದನಿಕೆಗಳ ಪೀಠದಲ್ಲಿ ಮಾಡಿದೋರ ಹೆಸರು ಕೊರೆದಿದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಇಬ್ರೂ ಒಂದೇ ಗುಡಿಗೆ ಉಳಿ ಹಿಡಿದಿದ್ರು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ. ಅಪ್ಪ ಅಮ್ಮ ಸೆಲ್ಫಿ ತೆಗೀತಾ ಇದ್ರೆ ಮಗು ಬಾಗಿಲಲ್ಲಿ ಕೂತು ಗೇಮ್ ಆಡುತ್ತೆ. ಅಪ್ಪ ಕತ್ತೆತ್ತಿ "ಇದು ಒಂದೇ ಕಲ್ಲಾ, ಜೋಡಿಸಿದ್ದಾ" ಅಂತ ಕೇಳಿದ್ರೆ ಸಾಕು, ಎರಡು ನಿಮಿಷಕ್ಕೆ ಮಗು ನನ್ನ ಪಕ್ಕ ಇರುತ್ತೆ. ದಿನಾ ನೋಡ್ತೀನಿ.

ನಿವೃತ್ತ ಮೇಷ್ಟ್ರು, ಬೇಲೂರು

ಹಲ್ಮಿಡಿಯ ಕಥೆ ಬಾಕಿ ಇತ್ತು.

ನಾಲ್ಕೈದು ಹಳ್ಳಿಯ ಓದು ಕಲಿಯುತ್ತಿದ್ದ ಹದಿನಾರು ಮಂದಿಯನ್ನು, ಅವರ ಮಕ್ಕಳ ಸಮೇತ, ಒಂದು ಟೆಂಪೋದಲ್ಲಿ ಹಲ್ಮಿಡಿಗೆ ಕರೆದೊಯ್ದೆ. 2022ರಿಂದ 2027ರ ಅವಧಿಗೆ ಕೇಂದ್ರದ 'ಉಲ್ಲಾಸ್' ಸಾಕ್ಷರತಾ ಯೋಜನೆ ಇದೆಯಲ್ಲ, 15 ದಾಟಿದ ಯಾರು ಬೇಕಾದರೂ ಕಲಿಯಬಹುದು, ಕಲಿಸುವವರು ಸ್ವಯಂಸೇವಕರು. ನಾನು ಅದರಲ್ಲಿ ಒಬ್ಬ. ಕನ್ನಡದ ಆದಿ ಶಾಸನಗಳಲ್ಲೊಂದು, ಸುಮಾರು ಕ್ರಿ.ಶ. 450, ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದದ್ದು, 16 ಸಾಲು ಎಂದು ದಾರಿಯುದ್ದ ಭಾಷಣ ಬಿಗಿದೆ. ಊರಿನಲ್ಲಿರುವುದು ಪ್ರತಿಕೃತಿ, ಮೂಲ ಕಲ್ಲು ಅಲ್ಲಿಲ್ಲ ಎಂದೂ ಹೇಳಿದೆ.

ಕಲ್ಲಿನ ಮುಂದೆ ನಿಂತೆವು. ಆರು ತಿಂಗಳಿಂದ ಅಕ್ಷರ ಕಲಿಯುತ್ತಿದ್ದ ಒಬ್ಬಾಕೆ, ಮೂರು ಮಕ್ಕಳ ತಾಯಿ, ಉತ್ಸಾಹದಿಂದ ಹತ್ತಿರ ಹೋದಳು. ಕನ್ನಡ ತಾನೇ, ಓದಿಯೇ ಬಿಡುತ್ತೇನೆ ಎಂದು. ಒಂದು ಅಕ್ಷರವೂ ಹತ್ತಲಿಲ್ಲ. ತಿರುಗಿ, "ಮೇಷ್ಟ್ರೇ, ನೀವು ಓದಿ" ಎಂದಳು.

ನನಗೂ ಬರುವುದಿಲ್ಲ. ಕನ್ನಡ ಎಂ.ಎ. ಮಾಡಿದವನು, ಮೊದಲ ಸಾಲು "ಜಯತಿ" ಎಂದು ಬಾಯಿಪಾಠ ಗೊತ್ತು, ಆ ಲಿಪಿ ಮಾತ್ರ ಓದಲಾರೆ. ಬಾಯಿಪಾಠವನ್ನೇ ಓದಿದಂತೆ ನಟಿಸಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು, ನಿಜ ಹೇಳುತ್ತೇನೆ. "ನನಗೂ ಬರಲ್ಲಮ್ಮ" ಎಂದೆ.

ಆಕೆ ನನ್ನನ್ನು ಒಮ್ಮೆ, ಕಲ್ಲನ್ನು ಒಮ್ಮೆ ನೋಡಿ, "ಹಂಗಾದ್ರೆ ಇಲ್ಲಿ ನಾವೆಲ್ಲಾ ಹೆಬ್ಬೆಟ್ಟೇ!" ಎಂದು ಜೋರಾಗಿ ನಕ್ಕಳು. ಟೆಂಪೋದವರೆಲ್ಲ ನಕ್ಕರು. ಅಷ್ಟರಲ್ಲಿ ಮಕ್ಕಳು ಕಲ್ಲಿನ ಮುಂದೆ ಮಂಡಿಯೂರಿ ಕೂತಿದ್ದವು. "ಇದು ರ ಥರ ಇದೆ", "ಇಲ್ಲ, ಅದೇ ಆಕಾರ ಮತ್ತೆ ಅಲ್ಲಿದೆ ನೋಡು, ಎಷ್ಟು ಸಲ ಬಂದಿದೆ ಎಣಿಸು." ಮುಕ್ಕಾಲು ಗಂಟೆ ಎಬ್ಬಿಸಲಾಗಲಿಲ್ಲ. 34 ವರ್ಷ ನಾನು ಶಾಸನದ ಪಾಠ ಮಾಡಿದ್ದೇನೆ. ಒಂದು ಮಗುವೂ ಅಕ್ಷರ ಎಣಿಸಿರಲಿಲ್ಲ, ಉತ್ತರ ನನ್ನ ಜೇಬಿನಲ್ಲಿತ್ತಲ್ಲ.

ಈಗ ನಾನು ಹಳಗನ್ನಡ ಲಿಪಿ ಕಲಿಯುತ್ತಿದ್ದೇನೆ. 67ನೇ ವಯಸ್ಸು. ಆಕೆ ವಾರವಾರ ಕೇಳುತ್ತಾಳೆ, "ಎಷ್ಟು ಅಕ್ಷರ ಆಯ್ತು ಮೇಷ್ಟ್ರೇ?" ಹೋಂವರ್ಕ್ ತಪ್ಪಿಸಿಕೊಂಡ ಹುಡುಗನಂತೆ ಆಗುತ್ತದೆ ನನಗೆ.

ಆಲೂರಪ್ಪ

ಮೇಷ್ಟ್ರೇ, ಕಥೆ ಚೆನ್ನಾಗಿದೆ. ಆದ್ರೆ ನಿಮಗೆ ಪೆನ್ಷನ್ ಬರುತ್ತೆ, ಕಲಿಯೋಕೆ ಪುರುಸೊತ್ತಿದೆ. ನನ್ನ ಪ್ರಶ್ನೆ ಹಾಗೇ ಇದೆ. ನಾನು ಏಳಕ್ಕೆ ತೋಟದಿಂದ ಬರ್ತೀನಿ, ಮಗ ಏಳೂವರೆಗೆ ಟ್ಯೂಷನ್ನಿಂದ ಬರ್ತಾನೆ. ಇಬ್ಬರಿಗೂ ಮೈಮೇಲೆ ಪ್ರಜ್ಞೆ ಇರಲ್ಲ. ಯಾವಾಗ ಕೂರೋದು?

ಡ್ರೈವರಣ್ಣ, ಹಾಸನ

ಮಗನ್ನ ಟ್ಯೂಷನ್ನಿಂದ ನೀವೇ ಕರ್ಕೊಂಡು ಬನ್ನಿ ಸಾರ್, ಬೈಕಲ್ಲಿ. ನಮ್ದೆಲ್ಲಾ ನಡೆಯೋದು ಗಾಡೀಲೇ.

ಆಲೂರಪ್ಪ

ಬೈಕಲ್ಲಿ ಗಾಳಿಗೆ ಏನೂ ಕೇಳಲ್ಲ ಮಾರಾಯ್ರೆ.

ಮಳೆಪುಸ್ತಕ

ಅಜ್ಜಿ ವಾಪಸ್ ಬಂದ್ರಾ ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದೀರ. ಬಂದ್ರು. ನಾವ್ಯಾರೂ ಕರೀಲಿಲ್ಲ, ಮೊಮ್ಮಗಳೇ ಹೋಗಿ "ನಂಗೆ ಚಕ್ಕುಲಿ ಒತ್ತೋದು ಹೇಳ್ಕೊಡು, ನಾನು ತಪ್ಪು ಮಾಡ್ತೀನಿ, ನೀನು ನಗು" ಅಂದ್ಲಂತೆ. ಇದು ಅವಳಮ್ಮ ಹೇಳಿದ್ದು. ಚಕ್ಕುಲಿ ಎಲ್ಲಾ ಮುರಿದುಹೋಗಿತ್ತು, ಗುಂಪಿಗೆ ತಂದಿದ್ರು, ತಿಂದ್ವಿ.

ಮಾಪಕ ಹೇಗೆ ಮಾಡೋದು ಅಂತ ಕೇಳಿದೋರಿಗೆ: ಎರಡು ಲೀಟರ್ ಬಾಟಲಿ ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿ ಕೂರ್ಸಿ, ಆಲಿಕೆ ಥರ. ಬಾಟಲಿ ತಳ ಉಬ್ಬುತಗ್ಗು ಇರುತ್ತೆ, ನಾವು ಅದನ್ನ ಯೋಚಿಸದೆ ಮೊದಲ ತಿಂಗಳು ಎಲ್ಲಾ ತಪ್ಪು ಬರೆದ್ವಿ. ತಳಕ್ಕೆ ಗೋಲಿ ಹಾಕಿ, ನೇರ ಗೋಡೆ ಶುರುವಾಗೋವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಬಾಯಿ, ಹೊಟ್ಟೆ ಎರಡೂ ಒಂದೇ ಅಗಲ ಇದ್ರೆ ನೇರ ಓದ್ಬಹುದು. ಮರದ ಕೆಳಗೆ ಇಡಬೇಡಿ.

ಏಳನೇ ಕ್ಲಾಸಿನ ಅಮ್ಮ, ಚನ್ನರಾಯಪಟ್ಟಣ

ನಿನ್ನೆ ರಾತ್ರಿ ಇದನ್ನೆಲ್ಲ ಮಗನಿಗೆ ಜೋರಾಗಿ ಓದಿ ಹೇಳ್ದೆ. ನಡುವೆ ನಿಲ್ಸಿ ಅಂದ. ಮಳೆಪುಸ್ತಕ ಮೇಡಂ, ನೀವು ಮೊದಲ್ನೇ ಪೋಸ್ಟಲ್ಲಿ ಒಂದಿಂಚಿಗೆ ಗುಂಟೆಗೆ 2,570 ಲೀಟರ್, ಎಕರೆಗೆ 10 ಸಾವಿರ ಅಂತ ಬರೆದಿದೀರ. ಅವನು ಕೇಳ್ತಿದಾನೆ, "ಎಕರೆಗೆ 40 ಗುಂಟೆ ಅಲ್ವಾ, ಹಂಗಾದ್ರೆ ನಾಲ್ಕೇ ಗುಂಟೆಗೆ ಮಳೆ ನಿಂತುಹೋಯ್ತಾ?"

ಅವನ ಲೆಕ್ಕ 1,02,800. ನಾನೂ ಮಾಡಿದೆ, ಮೂರು ಸಲ. ಅಷ್ಟೇ ಬರುತ್ತೆ.

ಮಳೆಪುಸ್ತಕ

ಅಯ್ಯೋ. ಒಂದು ಸೊನ್ನೆ ನುಂಗಿದೀನಿ. ಒಂದು ಲಕ್ಷ ದಾಟುತ್ತೆ, ಅವನದೇ ಸರಿ. ಇದೇ ಅಂಕಿ ಶಾಲೆ ಹಲಗೆ ಮೇಲೂ ಎರಡು ವಾರದಿಂದ ಹಾಗೇ ಇದೆ, 30 ಜನ ನೋಡಿ ತಲೆ ಆಡಿಸಿದೀವಿ! ಪೋಸ್ಟ್ ತಿದ್ದಲ್ಲ, ಇರ್ಲಿ. ಭಾನುವಾರ ಅಜ್ಜಿ ಮೊಮ್ಮಗಳ ಕೈಗೆ ಡಸ್ಟರ್ ಕೊಡ್ತೀನಿ, ಕೈ ತಟ್ಟಿ ನಗೋಕೂ ಬಿಡ್ತೀನಿ.

ಚನ್ನರಾಯಪಟ್ಟಣದಲ್ಲಿ ಈ ವಾರ ಎಷ್ಟು ಸೆಂಟ್ ಬಂತು ಅಂತ ಅವನನ್ನ ಕೇಳಿ ಹೇಳಿ. ನಮ್ಮಲ್ಲಿ ಇವತ್ತು ಬೆಳಿಗ್ಗೆ 85.